ಐದು ಗುಂಟೆಯ ಹಕ್ಕು

ನೆರೂಳಿನಿಂದ ಬೇಲಾಪುರದ ಕಡೆಗೆ ಪಾಮ್ ಬೀಚ್ ರಸ್ತೆ ಹಿಡಿದು ಬೆಳಗ್ಗೆ ನಡೆಯುವವರಿಗೆ ಒಂದು ಬದಿ ಕಾಂಡ್ಲಾ ಕಾಡು, ಅದರಾಚೆ ಖಾಡಿ. ಇನ್ನೊಂದು ಬದಿ ಮುಗಿಲಿಗೆ ತಲೆ ಕೊಟ್ಟ ಕಟ್ಟಡಗಳು. ಆ ಕಟ್ಟಡಗಳ ಸಾಲು ಒಂದೆಡೆ ತಟ್ಟನೆ ತಗ್ಗುತ್ತದೆ. ಅಲ್ಲಿ ಓಣಿ ಕಿರಿದು, ಮನೆಗೆ ಮನೆ ಅಂಟಿಕೊಂಡಿದೆ, ಕಟ್ಟೆಯ ಮೇಲೆ ಬಲೆ ಹರವಿದೆ, ತುಳಸಿಯ ಪಕ್ಕದಲ್ಲೇ ಬೈಕು ನಿಂತಿದೆ. ಅದು ಕರಾವೆ. ಹೀಗೆಯೇ ದಾರಾವೆ, ಸಾರ್ಸೋಳೆ, ಜುಹೂಗಾಂವ, ವಾಶಿಗಾಂವ, ಘನ್ಸೋಲಿ. ಹೊಸಬರಿಗೆ ಇವು ಪಟ್ಟಣದ ನಡುವೆ ಸಿಕ್ಕಿಕೊಂಡ ಹಳ್ಳಿಗಳಂತೆ ಕಾಣುತ್ತವೆ. ನಡೆದದ್ದು ತಿರುಗುಮುರುಗು. ಹಳ್ಳಿಗಳು ಇದ್ದಲ್ಲೇ ಇದ್ದವು, ಪಟ್ಟಣ ಅವುಗಳ ಗದ್ದೆಯ ಮೇಲೆ ಬಂದು ಕೂತಿತು.

ಈ ಗದ್ದೆಗಳ ಲೆಕ್ಕಕ್ಕಾಗಿ ಇಡೀ ಆಯುಷ್ಯ ಸವೆಸಿದ ಒಬ್ಬ ರಾಜಕಾರಣಿಯ ಬಗ್ಗೆ ಈ ಬೆಳಗಿನ ಹೊತ್ತು ಯೋಚಿಸಬೇಕೆನಿಸುತ್ತದೆ. ದಿನಕರ ಬಾಳು ಪಾಟೀಲ್. ಊರಿನವರ ಬಾಯಲ್ಲಿ ದಿ. ಬಾ., ಇನ್ನೂ ಸಲಿಗೆಯಲ್ಲಿ ದಿಬಾ. ಅವರು ಮಂತ್ರಿಯಾಗಿ ಹೆಸರಾದವರಲ್ಲ. ಮುಂಬಯಿ ಕನ್ನಡಿಗರ ಸಭೆಗಳಲ್ಲಿ ಅವರ ಹೆಸರು ನಾನು ಕೇಳಿದ್ದು ಕಡಿಮೆ. ಆದರೆ ವಾಶಿಯಿಂದ ಪನ್ವೇಲ್‌ವರೆಗೆ ಮನೆ ಮಾಡಿಕೊಂಡು, ಹೋಟೆಲು ನಡೆಸಿಕೊಂಡು, ಮಕ್ಕಳನ್ನು ಓದಿಸಿಕೊಂಡು ಬದುಕಿದ ನಾವು ಸಾವಿರಾರು ಕನ್ನಡ ಕುಟುಂಬಗಳು ಈ ಮನುಷ್ಯನಿಗೆ ಒಂದು ನೆನಪು ಕೊಡಬೇಕಾಗಿದೆ.

ಅವರು ಹುಟ್ಟಿದ್ದು 1926ರ ಜನವರಿ 13ರಂದು, ಉರಣ ತಾಲೂಕಿನ ಜಾಸಯಿಯಲ್ಲಿ, ಆಗ್ರಿ ರೈತ ಮನೆತನದಲ್ಲಿ. ಆಗ ಅದು ಕೊಲಾಬಾ ಜಿಲ್ಲೆ. ರಾಯಗಡ ಎಂಬ ಹೆಸರು ಬಂದದ್ದು ಎಷ್ಟೋ ವರ್ಷಗಳ ಮೇಲೆ. ಖಾಡಿಯ ದಡದ ಆ ಸೀಮೆಯಲ್ಲಿ ಆಗ್ರಿ ಮತ್ತು ಕೋಳಿ ಸಮುದಾಯದವರು ಮೂರು ಕಸುಬು ಹಿಡಿದವರು: ಮಳೆಗಾಲದಲ್ಲಿ ಭತ್ತದ ಒಂದೇ ಬೆಳೆ, ಬೇಸಿಗೆಯಲ್ಲಿ ಉಪ್ಪು, ವರ್ಷವಿಡೀ ಮೀನು. ಭರತದ ಉಪ್ಪುನೀರು ಗದ್ದೆಗೆ ನುಗ್ಗದಂತೆ ಊರೇ ಸೇರಿ ಮಣ್ಣಿನ ಒಡ್ಡು ಹಾಕುತ್ತಿತ್ತು. ಒಡ್ಡು ಒಂದು ಕಡೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪೇರುತ್ತದೆ. ಕುಮಟಾದ ಅಘನಾಶಿನಿ ದಡದ ಗಜನಿ ಗದ್ದೆ, ಕಗ್ಗ ಭತ್ತ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಥ ನೆಲದಲ್ಲಿ ಒಬ್ಬನ ಜಮೀನು ಎಂಬುದು ಕಾಗದದ ಮೇಲೆ ಅವನೊಬ್ಬನದು, ಒಡ್ಡಿನ ಕೆಲಸದಲ್ಲಿ ಊರಿನದು.

ಆ ಸೀಮೆಗೆ ಎದ್ದು ನಿಲ್ಲುವ ಚಾಳಿಯೂ ಮೊದಲಿನಿಂದ ಇತ್ತು. ದಿಬಾ ನಾಲ್ಕು ವರ್ಷದ ಮಗುವಾಗಿದ್ದಾಗ, 1930ರ ಸೆಪ್ಟೆಂಬರ್ 25ರಂದು, ಅದೇ ಉರಣದ ಚಿರ್ನೇರಿನಲ್ಲಿ ಜಂಗಲ್ ಸತ್ಯಾಗ್ರಹ ನಡೆದು, ಗುಂಡು ಹಾರಿ ಜನ ಸತ್ತರು. ಮೂರು ವರ್ಷಕ್ಕೆ ಅಲಿಬಾಗಿನ ಚರಿ ಸುತ್ತಲಿನ ಗೇಣಿದಾರರು ಖೋತರೆಂಬ ಜಮೀನುದಾರರ ವಿರುದ್ಧ ನೇಗಿಲು ಕೆಳಗಿಟ್ಟರು. ಊರಿಗೆ ಊರು ಗದ್ದೆ ಪಾಳು ಬಿಟ್ಟು, ಕಟ್ಟಿಗೆ ಮಾರಿ ಹೊಟ್ಟೆ ಹೊರೆದು, 1939ರವರೆಗೆ ಹಟ ಬಿಡದ ಮುಷ್ಕರ ಅದು. ನಾರಾಯಣ ನಾಗು ಪಾಟೀಲ್ ಅದರ ಮುಂದಾಳು, ಬಾಬಾಸಾಹೇಬ ಅಂಬೇಡ್ಕರ್ ಅದರ ಬೆಂಬಲಿಗರು. ನಮ್ಮ ಸಾಗರದ ಕಾಗೋಡಿನಲ್ಲಿ 1951ರಲ್ಲಿ ಗೇಣಿಯ ಕೊಳಗದ ಅಳತೆಯಿಂದ ಶುರುವಾದ ಜಗಳ ಸತ್ಯಾಗ್ರಹವಾಗಿ, ಅಲ್ಲಿಂದ ಶಾಂತವೇರಿ ಗೋಪಾಲಗೌಡರು ಶಾಸನಸಭೆಗೆ ನಡೆದುಬಂದರಲ್ಲ, ಅಂಥದ್ದೇ ದಾರಿ ಇದು. ಗದ್ದೆಯ ಬದುವಿನಿಂದ ವಿಧಾನಸಭೆಗೆ ಹೋಗುವ ದಾರಿ. ಈಗ ಆ ದಾರಿಯಲ್ಲಿ ಹೆಚ್ಚು ಜನ ಬರುವುದಿಲ್ಲ.

ದಿಬಾ ಕಾನೂನು ಓದಿದರು, ಪನ್ವೇಲಿನಲ್ಲಿ ವಕೀಲರಾದರು, ಶೇತಕರಿ ಕಾಮಗಾರ ಪಕ್ಷ ಸೇರಿದರು. ಜನ ಅದನ್ನು ಶೇಕಾಪ ಎನ್ನುತ್ತಾರೆ. ಕಾಂಗ್ರೆಸ್ಸಿನಿಂದ ಒಡೆದು ಬಂದ ಎಡಪಂಥೀಯ ರೈತಪಕ್ಷ, ಕೆಂಪು ಬಾವುಟ. ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಅಲೆಯಲ್ಲಿ, 1957ರಲ್ಲಿ, ಅವರು ಮೊದಲ ಸಲ ಪನ್ವೇಲಿನಿಂದ ಶಾಸಕರಾದರು. ಆ ಚಳವಳಿ ಬೆಳಗಾವಿಯನ್ನೂ ಕೇಳಿದ ಚಳವಳಿ. ಕನ್ನಡಿಗನಾಗಿ ಆ ಬೇಡಿಕೆಯನ್ನು ನಾನು ಒಪ್ಪುವುದಿಲ್ಲ. ಆದರೆ ಒಂದು ವಿಷಯದಲ್ಲಿ ಒಪ್ಪದವನಿಂದ ಇನ್ನೊಂದು ವಿಷಯದಲ್ಲಿ ಕಲಿಯಬಾರದೆಂದೇನೂ ಇಲ್ಲ. ಒಟ್ಟು ಐದು ಸಲ ಶಾಸಕ, ಎರಡು ಸಲ ಸಂಸದ. 1972ರ ವಿಧಾನಸಭೆಯಲ್ಲಿ 270 ಸ್ಥಾನಗಳ ಪೈಕಿ ಕಾಂಗ್ರೆಸ್ಸಿಗೆ 222 ಬಂದಿದ್ದವು, ಶೇಕಾಪಕ್ಕೆ ಏಳು. ಆ ಏಳು ಜನರ ಪಕ್ಷದ ದಿಬಾ ವಿರೋಧ ಪಕ್ಷದ ನಾಯಕರಾದರು. ಮಹಾರಾಷ್ಟ್ರ ಭೀಕರ ಬರಗಾಲದಲ್ಲಿ ಬೇಯುತ್ತಿದ್ದ ಕಾಲ ಅದು. ಎದುರಿಗೆ ಇನ್ನೂರಕ್ಕೂ ಮಿಕ್ಕಿದ ಬಹುಮತ ಕೂತಿರುವಾಗ ಎದ್ದು ನಿಂತು ಮಾತಾಡುವವನ ಬಳಿ ಎರಡೇ ಬಂಡವಾಳ: ಕಾಗದಪತ್ರ ಪಕ್ಕಾ ಇರಬೇಕು, ಊರು ಬೆನ್ನಿಗಿರಬೇಕು. ಎರಡೂ ಅವರಿಗಿದ್ದವು.

ಇಷ್ಟೇ ಆಗಿದ್ದರೆ ಅವರು ಜಿಲ್ಲೆಯ ಗಟ್ಟಿ ನಾಯಕರಲ್ಲೊಬ್ಬರಾಗಿ ಉಳಿಯುತ್ತಿದ್ದರು. ಅವರ ಬದುಕಿಗೆ ತಿರುಳು ಬಂದದ್ದು ನವಿ ಮುಂಬಯಿಯಿಂದ.

ಮುಂಬಯಿ ದ್ವೀಪ ತುಂಬಿ ತುಳುಕುತ್ತಿತ್ತು. ಖಾಡಿಯಾಚೆ ಅವಳಿ ನಗರ ಕಟ್ಟೋಣವೆಂದು ಚಾರ್ಲ್ಸ್ ಕೊರಿಯಾ, ಶಿರೀಷ್ ಪಟೇಲ್, ಪ್ರವೀಣಾ ಮೆಹ್ತಾ 60ರ ದಶಕದ ನಡುವಿನಲ್ಲಿ ಮುಂದಿಟ್ಟ ಯೋಚನೆ ನಿಜಕ್ಕೂ ದೊಡ್ಡದಾಗಿತ್ತು. 1970ರ ಮಾರ್ಚ್ 17ರಂದು ಆ ನಗರ ಕಟ್ಟಲು ಸಿಡ್ಕೋ ಎಂಬ ಸರಕಾರಿ ನಿಗಮ ಹುಟ್ಟಿತು. ಥಾಣೆ, ಪನ್ವೇಲ್, ಉರಣ ತಾಲೂಕುಗಳ 95 ಹಳ್ಳಿಗಳು, 344 ಚದರ ಕಿಲೋಮೀಟರು. ನಕ್ಷೆಯಲ್ಲಿ ರಸ್ತೆ, ರೈಲು, ಉದ್ಯಾನ, ನೋಡ್ ಎಂಬ ಬಡಾವಣೆಗಳು ಎಲ್ಲ ಇದ್ದವು. ಹಳ್ಳಿಗಳೂ ಇದ್ದವು, ಆದರೆ ಗಾವಠಾಣದ, ಎಂದರೆ ಊರಮನೆಗಳಿರುವ ಜಾಗದ, ಗೆರೆಯೊಳಗೆ. ಆ ಗೆರೆಯ ಹೊರಗಿನ ಗದ್ದೆ, ಉಪ್ಪಿನಾಗರ, ಗುಡ್ಡ ಎಲ್ಲ ಹೊಸ ನಗರದ ಪಾಲಾದವು. ಮನೆ ನಿನ್ನದು, ಮನೆಗೆ ಅನ್ನ ಹಾಕುವ ನೆಲ ಸರಕಾರದ್ದು ಎಂದಂತಾಯಿತು.

ಸ್ವಾಧೀನಕ್ಕೆ ಆಧಾರ 1894ರ ಬ್ರಿಟಿಷ್ ಕಾಯಿದೆ. ಅದರ ಲೆಕ್ಕ ಹೀಗೆ: ಜಮೀನು ಬೇಕೆಂದು ಸರಕಾರ ನೋಟಿಸು ಹೊರಡಿಸಿದ ದಿನ ಮಾರುಕಟ್ಟೆಯಲ್ಲಿ ಏನು ಬೆಲೆ ಇತ್ತೋ ಅದೇ ಬೆಲೆ. ನೋಟಿಸು 70ರ ದಶಕದ ಆರಂಭದ್ದು. ಒಂದು ಬೆಳೆಯ ಉಪ್ಪು ಗದ್ದೆಗೆ ಆಗ ಎಷ್ಟು ಬೆಲೆ ಇರಲು ಸಾಧ್ಯ? 1973ರಲ್ಲಿ ವಾಶಿಯ ಸೇತುವೆ ಬಂತು. ರಸ್ತೆ ಬಂತು, ನಲ್ಲಿ ಬಂತು, ಅದೇ ಗದ್ದೆ ನಿವೇಶನವಾಗಿ ಮಾರಾಟವಾಗತೊಡಗಿತು. ಬದುವಿನ ಮೇಲೆ ನಿಂತ ರೈತ ತನ್ನ ನೆಲದ ಬೆಲೆ ಏರುವುದನ್ನು ಕಣ್ಣಾರೆ ನೋಡಿದ. ಏರಿದ್ದರಲ್ಲಿ ಅವನಿಗೆ ಏನೂ ಇರಲಿಲ್ಲ.

ನನ್ನ ಸೋದರಮಾವನ ಊರು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿತು. ಪರಿಹಾರ ಬಂತು, ಬರಲಿಲ್ಲವೆಂದು ಹೇಳಲಾರೆ. ಬಂದ ದುಡ್ಡಿನಲ್ಲಿ ಒಬ್ಬ ಮಗಳ ಮದುವೆಯಾಯಿತು, ಹಳೆಯ ಸಾಲ ತೀರಿತು, ಉಳಿದದ್ದು ಬೇರೆ ಊರಲ್ಲಿ ಹಿಡಿದ ಒಣ ಹೊಲದ ಬೋರಿನಲ್ಲಿ ಇಂಗಿತು. ನಾಲ್ಕು ವರ್ಷದಲ್ಲಿ ಎರೆಹೊಲದ ಒಕ್ಕಲಿಗ ಇನ್ನೊಬ್ಬರ ತೋಟಕ್ಕೆ ಕೂಲಿಗೆ ಹೋದ. ಮಾವ ಯಾರನ್ನೂ ಬೈಯಲಿಲ್ಲ. ದುಡ್ಡು ತೆಗೆದುಕೊಂಡೆನಲ್ಲ, ಇನ್ನೇನು ಕೇಳಲಿ ಎನ್ನುತ್ತಿದ್ದ. ಈ ಮಾತು ನನ್ನನ್ನು ಬಹಳ ವರ್ಷ ಕಾಡಿತು. ಬೆಲೆ ಕೊಟ್ಟವನು ಕೈ ತೊಳೆದುಕೊಳ್ಳುತ್ತಾನೆ, ಬೆಲೆ ತೆಗೆದುಕೊಂಡವನು ಬಾಯಿ ಮುಚ್ಚಿಕೊಳ್ಳುತ್ತಾನೆ. ಸಂಬಂಧ ಅಲ್ಲಿಗೆ ಮುಗಿಯಿತು. ಕಾರವಾರದ ಸೀಬರ್ಡ್ ನೌಕಾನೆಲೆಗೆ ಕಡಲತೀರ ಬಿಟ್ಟವರು, ಶರಾವತಿಯ ನೀರಿಗೆ ಊರು ಬಿಟ್ಟವರು, ಎಲ್ಲರ ಕತೆಯಲ್ಲೂ ಈ ಬಾಯಿ ಮುಚ್ಚಿದ ಘಳಿಗೆ ಒಂದಿದೆ. ಶರಾವತಿ ಮುಳುಗಡೆಯ ಎಷ್ಟೋ ಕುಟುಂಬಗಳು ಕೂತ ನೆಲಕ್ಕೆ ಹಕ್ಕುಪತ್ರ ಕೇಳುತ್ತ ಎರಡನೆಯ, ಮೂರನೆಯ ತಲೆಮಾರಿಗೆ ಬಂದಿವೆ.

ದಿಬಾ ಹಿಡಿದದ್ದು ಇದೇ ಎಳೆಯನ್ನು. ಹೆಚ್ಚು ಬೆಲೆ ಕೊಡಿ ಎಂದು ಅವರೂ ಕೇಳಿದರು, ಅದನ್ನು ಬಿಡಲಿಲ್ಲ. ಅದರಾಚೆಗೆ ಅವರು ಮುಂದಿಟ್ಟ ಬೇಡಿಕೆ ಬೇರೆ ಜಾತಿಯದು: ನೆಲ ಕೊಟ್ಟವನಿಗೆ, ಆ ನೆಲದ ಮೇಲೆ ಬೆಳೆಯುವ ಪಟ್ಟಣದಲ್ಲಿ ಪಾಲು ಬೇಕು. ಅಭಿವೃದ್ಧಿಪಡಿಸಿದ ನಿವೇಶನವಾಗಿ, ರಸ್ತೆ-ನೀರು ಬಂದ ನೆಲವಾಗಿ, ಕಟ್ಟುವ ಹಕ್ಕು ಸಮೇತ ಬೇಕು. ಅಣ್ಣತಮ್ಮಂದಿರು ಹಿಸೆ ಮಾಡಿಕೊಳ್ಳುವಾಗ ಊರು ಬಿಟ್ಟು ಹೋದವನಿಗೂ ಒಂದು ತುಂಡು ತೆಗೆದಿಡುತ್ತೇವೆ. ಅವನು ಬರಲಿ, ಬಿಡಲಿ, ಹೆಸರು ಉತಾರದಲ್ಲಿರುತ್ತದೆ. ಅಂಥದ್ದು. ಕಾನೂನು ಓದಿದ ರೈತನ ಮಗನಿಗೆ ಮಾತ್ರ ಹೊಳೆಯಬಹುದಾದ ಯೋಚನೆ ಎಂದು ನನಗನ್ನಿಸುತ್ತದೆ. ಬರೀ ರೈತನಾಗಿದ್ದರೆ ನೆಲ ಕೊಡುವುದೇ ಇಲ್ಲ ಎನ್ನುತ್ತಿದ್ದರು, ಬರೀ ವಕೀಲರಾಗಿದ್ದರೆ ಕೋರ್ಟಿನಲ್ಲಿ ಬೆಲೆ ಏರಿಸಿಕೊಟ್ಟು ಫೀ ತೆಗೆದುಕೊಳ್ಳುತ್ತಿದ್ದರು.

1984ರ ಜನವರಿ 13ಕ್ಕೆ ಅವರಿಗೆ 58 ತುಂಬಿತು. ಮೂರು ದಿನಕ್ಕೆ, 16ರಂದು, ಈ ಬೇಡಿಕೆಗಳಿಗಾಗಿ ಜಾಸಯಿ ಸುತ್ತಲಿನ ಊರುಗಳ ಜನ ರಸ್ತೆಗಿಳಿದರು. ಗಂಡಸರು, ಹೆಂಗಸರು, ಬಲೆ ಬಿಟ್ಟು ಬಂದವರು, ಆಗರ ಬಿಟ್ಟು ಬಂದವರು. ಪೊಲೀಸರು ಗುಂಡು ಹಾರಿಸಿದರು. ಮರುದಿನ ಮತ್ತೆ ಜನ, ಮತ್ತೆ ಗುಂಡು. ಎರಡು ದಿನದಲ್ಲಿ ಐವರು ಸತ್ತರು. ವಸಂತದಾದಾ ಪಾಟೀಲರು ಆಗ ಮುಖ್ಯಮಂತ್ರಿ. ಅವರೂ ರೈತ ಚಳವಳಿಯ ನೆಲದಿಂದ, ಸ್ವಾತಂತ್ರ್ಯ ಹೋರಾಟದಲ್ಲಿ ಗುಂಡಿನ ರುಚಿ ಕಂಡು ಬಂದವರೇ. ಒಂದು ಸರಕಾರದ ಕುರ್ಚಿ ಎಂಥವರ ಕೈಯಲ್ಲೂ ಎಂಥ ಆಜ್ಞೆ ಬರೆಸುತ್ತದೆ ಎಂಬುದನ್ನು ನೆನೆದರೆ ಮೈ ಭಾರವಾಗುತ್ತದೆ.

ಮುಂದಾಳುವಿನ ಪಾಲಿಗೆ ಇದಕ್ಕಿಂತ ಕಠಿಣ ಘಳಿಗೆ ಇನ್ನೊಂದಿರಲಾರದು. ತನ್ನ ಕರೆಗೆ ಬಂದವರು ಸತ್ತಿದ್ದಾರೆ. ಹಿಂದಕ್ಕೆ ಸರಿದರೆ ಸತ್ತವರಿಗೆ ದ್ರೋಹ. ಉರಿಗೆ ಎಣ್ಣೆ ಹೊಯ್ದರೆ ನಾಳೆ ಇನ್ನೈವರು. ಆ ಎರಡರ ನಡುವಿನ ದಾರಿಯಲ್ಲಿ ದಿಬಾ ವರ್ಷಗಟ್ಟಲೆ ನಡೆದರು: ಸಭೆ, ನಿಯೋಗ, ಮಂತ್ರಾಲಯದ ಮೆಟ್ಟಿಲು, ಮತ್ತೆ ಸಭೆ. 1984ರ ಕೊನೆಗೆ ಲೋಕಸಭಾ ಚುನಾವಣೆ ಬಂತು. ಇಂದಿರಾ ಗಾಂಧಿಯವರ ಹತ್ಯೆಯ ದುಃಖದಲ್ಲಿ ದೇಶ ಕಾಂಗ್ರೆಸ್ಸಿಗೆ 400 ಮೀರಿ ಸ್ಥಾನ ಕೊಟ್ಟಿತು. ಕೊಲಾಬಾ ಕ್ಷೇತ್ರ ಮಾತ್ರ ದಿಬಾ ಅವರನ್ನು ಕಳಿಸಿತು. ಇಡೀ ಲೋಕಸಭೆಯಲ್ಲಿ ಶೇಕಾಪದ ಒಬ್ಬನೇ ಸದಸ್ಯ. ಅಂಥ ಅಲೆಯ ವಿರುದ್ಧ ಈಜಿ ದಡ ಸೇರಿದ್ದು ದಿಬಾ ಅವರ ವರ್ಚಸ್ಸಿನಿಂದ ಮಾತ್ರ ಎಂದು ನಾನು ನಂಬುವುದಿಲ್ಲ. ಆ ಜನವರಿಯ ಎರಡು ದಿನಗಳನ್ನು ಜನ ಮರೆತಿರಲಿಲ್ಲ.

ಪಾಲಿನ ಆ ಬೇಡಿಕೆ ಕೊನೆಗೆ ಸರಕಾರದ ಆದೇಶವಾಗಿ ಬಂತು. 90ರ ದಶಕದಲ್ಲಿ ಸಾಡೇಬಾರಾ ಟಕ್ಕೆ ಯೋಜನೆ ಕಾಲೂರಿತು. ನೂರಕ್ಕೆ ಹನ್ನೆರಡೂವರೆ. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ, ಎಕರೆಗೆ 40 ಗುಂಟೆ. ಒಂದು ಎಕರೆ ಕೊಟ್ಟವನಿಗೆ ಐದು ಗುಂಟೆ ವಾಪಸು. ಅದರಲ್ಲೂ ಶಾಲೆ, ರಸ್ತೆ, ಸಾರ್ವಜನಿಕ ಸೌಲಭ್ಯಗಳಿಗೆಂದು ನೂರಕ್ಕೆ ಮೂವತ್ತು ಕಡಿತ. ಕೈಗೆ ಬರುವುದು ಮೂರೂವರೆ ಗುಂಟೆ. ಕೇಳಲು ಸಣ್ಣದು. ಆದರೆ ಅದು ಉಪ್ಪು ಗದ್ದೆಯ ಮೂರೂವರೆ ಗುಂಟೆಯಲ್ಲ, ಪಟ್ಟಣದ ನಡುವಿನದು. ನಿವೇಶನದ ಒಂದೂವರೆ ಪಟ್ಟು ಕಟ್ಟಬಹುದಾದ ಎಫ್‌ಎಸ್‌ಐ ಸಮೇತ, ಕೆಳಗೆ ಅಂಗಡಿ ಮಾಡಿಕೊಳ್ಳುವ ಅವಕಾಶ ಸಮೇತ.

ಇದರ ಗುರುತು ನಮ್ಮವರ ಬೀರುಗಳಲ್ಲೂ ಇದೆ. ಘನ್ಸೋಲಿ, ಕೋಪರ್‌ಖೈರಣೆ, ಕಾಮೋಠೆ, ಉಲ್ವೆಗಳಲ್ಲಿ ಅಂಥ ನಿವೇಶನದ ಮೇಲೆ ಎದ್ದ ಕಟ್ಟಡದಲ್ಲಿ ಫ್ಲ್ಯಾಟು ಕೊಂಡವರ ಅಗ್ರಿಮೆಂಟ್ ತೆಗೆದು ನೋಡಿ. ನಾವು ಓದುವುದು ನಮ್ಮ ಹೆಸರು, ಕಾರ್ಪೆಟ್ ಏರಿಯಾ, ಹಣದ ಕಂತು. ಅದಕ್ಕೂ ಮೊದಲು ನಾಲ್ಕೈದು ಪುಟ ಸಣ್ಣ ಅಕ್ಷರದಲ್ಲಿವೆ. ಇಂಥ ಹಳ್ಳಿಯ ಇಂಥವರ ಜಮೀನು ಸ್ವಾಧೀನವಾಯಿತು, ಅದಕ್ಕೆ ಪ್ರತಿಯಾಗಿ ಸಾಡೇಬಾರಾ ಟಕ್ಕೆ ಯೋಜನೆಯಲ್ಲಿ ಇಷ್ಟು ಚದರ ಮೀಟರು ಹಂಚಿಕೆಯಾಯಿತು, ಅವರು ಸತ್ತ ಮೇಲೆ ವಾರಸುದಾರರು ಇವರು ಎಂದು ಹೆಂಡತಿ, ಗಂಡುಮಕ್ಕಳು, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು. ಆಮೇಲೆ ಸಿಡ್ಕೋ, ಅವರು ಮತ್ತು ಬಿಲ್ಡರು, ಈ ಮೂವರ ಕರಾರು. ನಮ್ಮ ಕಟ್ಟಡದ ಕಾಗದದಲ್ಲಿ ಸಹಿಯ ಜಾಗದಲ್ಲಿ ಒಬ್ಬ ಹೆಂಗಸಿನ ಹೆಬ್ಬೆಟ್ಟಿದೆ. ಶಾಯಿ ಸ್ವಲ್ಪ ಹೆಚ್ಚಾಗಿ, ಗೆರೆಗಳು ಕೂಡಿಕೊಂಡು, ಕಾಗದದ ಹಿಂಬದಿಗೂ ಮೂಡಿದೆ. ನನ್ನ ಮನೆ ನಿಂತಿರುವುದು ಆ ಹೆಬ್ಬೆಟ್ಟಿನ ಒಪ್ಪಿಗೆಯ ಮೇಲೆ. ಅವಳು ಒಪ್ಪದಿದ್ದರೆ ಬಿಲ್ಡರು ಒಂದು ಇಟ್ಟಿಗೆ ಇಡುವ ಹಾಗಿರಲಿಲ್ಲ. ನನ್ನ ಮಾವನ ಬಳಿ ಇಲ್ಲದ ಬಲ ಇದು. ದಿಬಾ ಅವಳಿಗೆ ದೊರಕಿಸಿಕೊಟ್ಟದ್ದು ಇದು.

ಯೋಜನೆ ಹಾಲುಜೇನಾಗಿ ನಡೆಯಿತೆಂದು ಹೇಳಲು ಬರುವುದಿಲ್ಲ. ಹಂಚಿಕೆಗೆ ವರ್ಷಗಟ್ಟಲೆ ಕಾಯಿಸಿದರು. ನೆರೂಳಿನವನಿಗೆ ಬೇರೆಲ್ಲೋ ನಿವೇಶನ ಸಿಕ್ಕಿತು. ಒಂದೊಂದು ಉತಾರದಲ್ಲಿ ಹತ್ತಾರು ವಾರಸುದಾರರು, ಅವರೊಳಗೆ ವ್ಯಾಜ್ಯ. ಕೈಗೆ ನಿವೇಶನ ಬರುವ ಮೊದಲೇ ಫೈಲನ್ನೇ ಕೊಂಡುಹೋದ ದಲ್ಲಾಳಿಗಳು ಎಷ್ಟೋ ಜನ. ಬಂದ ಹಣ ಕೆಲವು ಮನೆಗಳಲ್ಲಿ ನಿಲ್ಲಲಿಲ್ಲ. ಈ ಬಗ್ಗೆ ಹಗುರವಾಗಿ ಮಾತಾಡುವವರು ನಮ್ಮಲ್ಲಿ ಬಹಳ: ಇವರಿಗೆ ಕೋಟಿ ಬಂತು, ಗಾಡಿ ಕೊಂಡರು, ಹಳದಿ ಕಾರ್ಯಕ್ಕೆ ಸುರಿದರು ಎಂದು. ನಾಲ್ಕು ತಲೆಮಾರು ಒಂದೇ ಕಸುಬು ಗೊತ್ತಿದ್ದವನ ಕಸುಬನ್ನೇ ತೆಗೆದು, ಕೈಗೆ ದೊಡ್ಡ ಮೊತ್ತ ಕೊಟ್ಟು, ನಾಳೆಯಿಂದ ವ್ಯವಹಾರಸ್ಥನಾಗು ಎಂದರೆ ಎಲ್ಲರೂ ಆಗುತ್ತಾರೆಯೆ? ಆದವರೂ ಇದ್ದಾರೆ ಎನ್ನುವುದನ್ನು ಮೊದಲು ಹೇಳಬೇಕು. ಬಾಡಿಗೆಯ ಎರಡು ಅಂಗಡಿಯಿಂದ ಮಗಳನ್ನು ಡಾಕ್ಟರು ಓದಿಸಿದವರನ್ನು ನಾನು ಬಲ್ಲೆ.

ಪಾಲು ಕೊಡುವ ಯೋಚನೆ ಮುಂದೆ ಬೇರೆ ಬೇರೆ ಕಡೆ ಬೇರೆ ಬೇರೆ ರೂಪದಲ್ಲಿ ಬಂತು. ಬೆಂಗಳೂರಿನ ಕೆಂಪೇಗೌಡ ಬಡಾವಣೆಯಲ್ಲಿ ಜಮೀನು ಕೊಟ್ಟವರಿಗೆ ದುಡ್ಡಿನ ಬದಲು ಅಭಿವೃದ್ಧಿಪಡಿಸಿದ ನಿವೇಶನದಲ್ಲಿ ಶೇಕಡಾ 40ರ ಆಯ್ಕೆ ಇಟ್ಟರು. ಅಮರಾವತಿಗೆ ಆಂಧ್ರದ ರೈತರು ಜಮೀನು ಒಟ್ಟುಗೂಡಿಸಿ ನಿವೇಶನವಾಗಿ ಮರಳಿ ಪಡೆಯುವ ಕರಾರು ಮಾಡಿಕೊಂಡರು. 2013ರ ಸೆಪ್ಟೆಂಬರಿನಲ್ಲಿ ದೇಶದ ಹೊಸ ಭೂಸ್ವಾಧೀನ ಕಾಯಿದೆಗೆ ರಾಷ್ಟ್ರಪತಿಯ ಅಂಕಿತ ಬಿತ್ತು. ನಗರ ಕಟ್ಟಲು ನೆಲ ತೆಗೆದುಕೊಂಡರೆ ಅಭಿವೃದ್ಧಿಪಡಿಸಿದ ನೆಲದ ಶೇಕಡಾ 20ನ್ನು ಕೊಟ್ಟವರಿಗೇ ಕಾದಿರಿಸಬೇಕೆಂದು ಅದರ ಎರಡನೆಯ ಅನುಸೂಚಿಯಲ್ಲಿದೆ, ವೆಚ್ಚದ ಬೆಲೆಗೆ. 1894ರ ಕಾಯಿದೆ ಅಲ್ಲಿಗೆ ಮುಗಿಯಿತು. ದಿಬಾ ಅದನ್ನು ನೋಡಲಿಲ್ಲ. ಅದೇ ವರ್ಷದ ಜೂನ್ 24ರಂದು ತೀರಿಕೊಂಡಿದ್ದರು.

ಅವರ ಕೊನೆಯ ವರ್ಷಗಳನ್ನು ಹೇಳದೆ ದಾಟಬಾರದು. ಕೊಲಾಬಾ ಲೋಕಸಭಾ ಕ್ಷೇತ್ರದಲ್ಲಿ 1989ರಲ್ಲಿ ಕಾಂಗ್ರೆಸ್ಸಿನ ಎ. ಆರ್. ಅಂತುಲೆ ಗೆದ್ದರು. ಅರ್ಧ ಶತಮಾನ ಹತ್ತಿರ ಹತ್ತಿರ ಇದ್ದ ಶೇಕಾಪವನ್ನು ಬಿಟ್ಟು ದಿಬಾ 90ರ ದಶಕದ ಕೊನೆಗೆ ಶಿವಸೇನೆ ಸೇರಿದರು. ಕೆಂಪು ಬಾವುಟದ ಜೀವ ಕೇಸರಿಯ ಕೆಳಗೆ ಏಕೆ ಬಂತೆಂದು ಹಳೆಯ ಸಂಗಾತಿಗಳು ನೊಂದುಕೊಂಡರು. ಅವರ ವಿಚಾರಕ್ಕೆ ಒಗ್ಗದ ಹೆಜ್ಜೆ ಅದೆಂದೇ ನನ್ನ ಭಾವನೆ. ಆದರೆ ಊರಿನ ಜನ ಅವರನ್ನು ಅಳೆದದ್ದು ಬಾವುಟದ ಬಣ್ಣದಿಂದಲ್ಲ. ಬಾಕಿ ಉಳಿದ ಫೈಲು ಹಿಡಿದು ಬಂದವನಿಗೆ ಪನ್ವೇಲಿನ ಅವರ ಮನೆಯ ಬಾಗಿಲು ಮೊದಲಿನಂತೆಯೇ ತೆರೆದಿತ್ತು. ಆ ಮನೆಗೆ ಅವರಿಟ್ಟ ಹೆಸರು ‘ಸಂಗ್ರಾಮ’.

ಈ ಸೀಮೆ ಬಗೆಬಗೆಯ ನಾಯಕರನ್ನು ಕಂಡಿದೆ. 1977 ಮತ್ತು 1980ರಲ್ಲಿ ಥಾಣೆಯಿಂದ ಸಂಸದರಾದ ರಾಮಭಾವು ಮ್ಹಾಳಗಿ ತಾವು ಮಾಡಿದ ಕೆಲಸದ ವರದಿಯನ್ನು ವರ್ಷ ವರ್ಷ ಮತದಾರರ ಮುಂದಿಡುತ್ತಿದ್ದರು. ಟೆಂಭಿ ನಾಕಾದ ಆನಂದ ದಿಘೆ ಚುನಾವಣೆಗೆ ನಿಲ್ಲಲೇ ಇಲ್ಲ, ಆದರೂ 2001ರಲ್ಲಿ ತೀರಿಕೊಳ್ಳುವವರೆಗೆ ಥಾಣೆಯಲ್ಲಿ ಅವರ ಮಾತೇ ನಡೆಯುತ್ತಿತ್ತು. ಡೊಂಬಿವಲಿ, ಕಲ್ಯಾಣದ ಗೆಳೆಯರು ಈಗಲೂ ದಿಘೆಯವರ ಕತೆಗಳನ್ನು ಪುರಾಣದಂತೆ ಹೇಳುತ್ತಾರೆ. ಅಂಥ ನಾಯಕ ಬಾಗಿಲಿಗೆ ಬಂದವನ ಕೆಲಸ ಮಾಡಿಕೊಡುತ್ತಾನೆ. ಅವನು ಹೋದ ಮೇಲೆ ಬಾಗಿಲು ಯಾವುದೆಂದು ಜನ ಹುಡುಕಬೇಕಾಗುತ್ತದೆ. ದಿಬಾ ಸರಕಾರದ ಆದೇಶದಲ್ಲಿ ಒಂದು ಸಾಲು ಬರೆಸಿ ಹೋದರು. ಅವರ ಹೆಸರನ್ನೇ ಕೇಳದ ಹೆಂಗಸು ಕೂಡ ಆ ಸಾಲಿನ ಆಧಾರದ ಮೇಲೆ ಹೆಬ್ಬೆಟ್ಟು ಒತ್ತಬಲ್ಲಳು. ರಾಜಕಾರಣಕ್ಕೆ ಇದಕ್ಕಿಂತ ದೊಡ್ಡ ಕೆಲಸ ನನಗೆ ಗೊತ್ತಿಲ್ಲ.

ಈಗ ಅವರ ಹೆಸರು ಮತ್ತೆ ಎಲ್ಲರ ಬಾಯಲ್ಲಿದೆ, ನವಿ ಮುಂಬಯಿ ವಿಮಾನ ನಿಲ್ದಾಣದ ಕಾರಣಕ್ಕೆ. 1,160 ಹೆಕ್ಟೇರಿನ ಆ ನಿಲ್ದಾಣಕ್ಕಾಗಿ ಉಲ್ವೆಯ ಗುಡ್ಡ ಕಡಿದರು, ನದಿಯ ಪಾತ್ರ ತಿರುಗಿಸಿದರು, ಹತ್ತು ಹಳ್ಳಿಗಳನ್ನು ಎಬ್ಬಿಸಿದರು. ಚಿಂಚ್‌ಪಾಡಾ, ಕೋಲ್ಹಿ, ಕೋಪರ್, ತರ್ಘರ್, ಗಣೇಶಪುರಿ, ಕೊಂಬಡ್‌ಭುಜೆ ಮುಂತಾದವು. ಇಲ್ಲಿ ಗಾವಠಾಣವೂ ಉಳಿಯಲಿಲ್ಲ. ಆದರೆ ಇಲ್ಲಿ ಪಾಲು ಇಪ್ಪತ್ತೆರಡೂವರೆಗೆ ಏರಿತು. ಚೌಕಾಸಿ ಹನ್ನೆರಡೂವರೆಯಿಂದ ಮೇಲಕ್ಕೆ ಶುರುವಾಯಿತೇ ಹೊರತು ಸೊನ್ನೆಯಿಂದಲ್ಲ. 2021ರಲ್ಲಿ ನಿಲ್ದಾಣಕ್ಕೆ ಬಾಳಾಸಾಹೇಬ ಠಾಕ್ರೆಯವರ ಹೆಸರಿಡುವ ಮಾತು ಬಂದಾಗ ಊರುಗಳು ಎದ್ದವು. ಜೂನ್ 10ರಂದು ಮೈಲುಗಟ್ಟಲೆ ಮಾನವ ಸರಪಳಿ. ದಿಬಾ ತೀರಿಕೊಂಡ ದಿನವಾದ ಜೂನ್ 24ರಂದು, ಕೊರೊನಾದ ಭಯದ ನಡುವೆಯೂ, ಬೇಲಾಪುರದ ಸಿಡ್ಕೋ ಭವನದ ಕಡೆಗೆ ಜನಸಾಗರ. ಮರುವರ್ಷ ಸರಕಾರ ಮಣಿಯಿತು, ವಿಧಾನಮಂಡಲ ದಿಬಾ ಹೆಸರಿನ ಠರಾವು ಮಾಡಿತು. 2025ರ ಅಕ್ಟೋಬರ್ 8ರಂದು ಪ್ರಧಾನಿಗಳು ನಿಲ್ದಾಣ ಉದ್ಘಾಟಿಸಿದರು, ಡಿಸೆಂಬರ್ 25ರಿಂದ ವಿಮಾನಗಳ ಓಡಾಟ ಶುರುವಾಯಿತು.

ದೇವನಹಳ್ಳಿಯಲ್ಲಿ ಕೆಂಪೇಗೌಡರ ಹೆಸರಿನ ನಿಲ್ದಾಣದಲ್ಲಿ ಇಳಿಯುವಾಗ ಬೆಂಗಳೂರು ಕಟ್ಟಿದವರ ನೆನಪಾಗುತ್ತದೆ. ಆ ನಿಲ್ದಾಣದ ಅಕ್ಕಪಕ್ಕದ 1,777 ಎಕರೆ ಬಿಡುವುದಿಲ್ಲವೆಂದು ಚನ್ನರಾಯಪಟ್ಟಣ ಹೋಬಳಿಯ ರೈತರು ವರ್ಷಗಟ್ಟಲೆ ಕೂತು, 2025ರ ಜುಲೈ 15ರಂದು ಸರಕಾರ ಸ್ವಾಧೀನ ಕೈಬಿಡುವಂತೆ ಮಾಡಿದ್ದೂ ನೆನಪಾಗುತ್ತದೆ. ನವಿ ಮುಂಬಯಿಯಲ್ಲಾದರೋ, ನೆಲ ಕೊಟ್ಟವರ ಪರವಾಗಿ ನಿಂತವನ ಹೆಸರನ್ನು ಆ ನೆಲದ ಮೇಲಿನ ನಿಲ್ದಾಣಕ್ಕೆ ಇಡಬೇಕೆಂದು ನೆಲ ಕೊಟ್ಟವರೇ ಬೀದಿಗಿಳಿದು ಕೇಳಿದ್ದು ಅಪರೂಪದ್ದು. ಹೆಸರು ಇಷ್ಟು ತೂಕದ್ದಾಗಲು ಕಾರಣವಿದೆ. ನಕ್ಷೆಯಲ್ಲಿ ಊರಿನ ಹೆಸರೇ ಅಳಿದವರಿಗೆ, ತಮ್ಮವನೊಬ್ಬನ ಹೆಸರು ಬೋರ್ಡಿನಲ್ಲಿ ಇರುವುದೆಂದರೆ ಈ ನೆಲ ಖಾಲಿ ಬಿದ್ದಿರಲಿಲ್ಲ ಎಂಬುದಕ್ಕೆ ಸಾಕ್ಷಿ.

ಹೆಸರು ಇಟ್ಟಲ್ಲಿಗೆ ಕೆಲಸ ಮುಗಿಯುವುದಿಲ್ಲ. ಹಿಂದೆ ಎಳೆದ ಗಾವಠಾಣದ ಗೆರೆ ಹಾಗೇ ನಿಂತಿತು, ಮನೆಗಳು ನಿಲ್ಲಲಿಲ್ಲ. ಒಬ್ಬನಿಗೆ ಮೂವರು ಮಕ್ಕಳು, ಅವರಿಗೆ ಮದುವೆ, ಮೊಮ್ಮಕ್ಕಳು. ಗೆರೆಯೊಳಗೆ ಜಾಗವಿಲ್ಲದೆ ಪಕ್ಕದಲ್ಲೇ, ಒಂದು ಕಾಲಕ್ಕೆ ತಮ್ಮದೇ ಆಗಿದ್ದ ಗದ್ದೆಯಲ್ಲಿ, ಕೋಣೆ ಏರಿಸಿಕೊಂಡರು. ಅವನ್ನು ಇಲ್ಲಿ ‘ಗರಜೇಪೋಟಿ’ ಮನೆಗಳೆನ್ನುತ್ತಾರೆ, ಗತ್ಯಂತರವಿಲ್ಲದೆ ಕಟ್ಟಿದವು. ಸರಕಾರದ ಕಡತದಲ್ಲಿ ಅವು ಅತಿಕ್ರಮಣ. 2022ರಲ್ಲಿ ಗಾವಠಾಣದಿಂದ 250 ಮೀಟರ್ ಒಳಗಿನ ಅಂಥ ಮನೆಗಳನ್ನು ಸಕ್ರಮ ಮಾಡುವ ನಿರ್ಧಾರ ಬಂತು. ನಿರ್ಧಾರ ಅಳತೆಯಾಗಿ, ಅಳತೆ ನಕ್ಷೆಯಾಗಿ, ನಕ್ಷೆ ಮನೆಯೊಡತಿಯ ಕೈಯ ಹಕ್ಕುಪತ್ರವಾಗುವ ದಾರಿ ಉದ್ದ. ದಿಬಾ ಇದ್ದಿದ್ದರೆ ಆ ದಾರಿಯ ಒಂದೊಂದು ಮೇಜಿನ ಮುಂದೆ ನಿಂತಿರುತ್ತಿದ್ದರು.

ನಮ್ಮಂಥ ಸೊಸೈಟಿಗಳ ಮೀಟಿಂಗಿನಲ್ಲಿ ಆ ಮನೆಗಳ ಮೇಲೆ ದೂರು ಬರುತ್ತದೆ. ಓಣಿ ಇಕ್ಕಟ್ಟು, ಆ್ಯಂಬುಲೆನ್ಸ್ ಹೋಗುವುದಿಲ್ಲ, ನೀರಿನ ಒತ್ತಡ ತಗ್ಗಿತು, ರಾತ್ರಿ ಬ್ಯಾಂಡು. ದೂರುಗಳಲ್ಲಿ ಸುಳ್ಳಿಲ್ಲ. ಬೆಂಕಿ ಬಿದ್ದರೆ ಆ ಓಣಿಗಳಲ್ಲಿ ಏನಾದೀತೆಂದು ನೆನೆದರೆ ನನಗೂ ಭಯ. ಆದರೆ ಕೆಡವಿರಿ ಎಂಬ ಅರ್ಜಿ ಬರೆಯುವ ಹಕ್ಕು ನಮಗೆಲ್ಲಿಂದ ಬಂತು? ಬಾಗಲಕೋಟೆಯಿಂದ, ಉಡುಪಿಯಿಂದ, ಕಲಬುರಗಿಯಿಂದ ಬಂದ ನಮಗೆ ಈ ಊರು ಜಾಗ ಕೊಟ್ಟಿತು. ನಮಗೆ ಜಾಗ ಆದದ್ದು ಅವರು ಒತ್ತರಿಸಿಕೊಂಡ ಮೇಲೆ.

ಕಳೆದ ಸಭೆಯಲ್ಲಿ ಅಂಥದ್ದೊಂದು ಅರ್ಜಿ ನನ್ನ ಮುಂದೆ ಬಂತು. ಸಹಿ ಹಾಕಲಿಲ್ಲ. ಕಾರ್ಯದರ್ಶಿಗಳು ಒಳ್ಳೆಯವರು, ಮಂಗಳೂರಿನ ಕಡೆಯವರು. ಯಾಕೆ ಸರ್ ಎಂದು ಕೇಳಿದರು. ಓಣಿ ಅಗಲವಾಗಲಿ, ಮನೆಗಳಿಗೆ ಹಕ್ಕುಪತ್ರ ಸಿಗಲಿ, ಚರಂಡಿ-ನೀರು ಅಧಿಕೃತವಾಗಿ ಬರಲಿ ಎಂದು ಬರೆದು ತನ್ನಿ, ಮೊದಲ ಸಹಿ ನನ್ನದು ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಹಾಗೆ ಬರೆಯುವುದಾದರೆ ಹಳ್ಳಿಯವರನ್ನೂ ಕರೆದು ಕೂರಿಸಿ ಬರೆಯಬೇಕಾಗುತ್ತದಲ್ಲ ಎಂದರು. ಹೌದು ಎಂದೆ. ಬರುವ ಭಾನುವಾರ ಕರೆದಿದ್ದೇವೆ.